ಇಂಟರ್ನ್‌ಶಿಪ್‌ಗೆ ಅವಸರವೇನು?

ಒಂಬತ್ತನೇ ತರಗತಿಯ ಮಗಳಿಗೆ ‘ಇಂಟರ್ನ್‌ಶಿಪ್’ ಕೊಡಿಸಲು ಯಾರೋ ಹದಿನೈದು ಸಾವಿರ ಕೇಳಿದ್ದಾರೆ ಎಂದು ಬರೆದಿದ್ದೀರಿ. ಖಂಡಿತ ಕೊಡಬೇಡಿ. ದುಡ್ಡು ಇಸಿದುಕೊಂಡು ಕೊಡುವ ಸರ್ಟಿಫಿಕೇಟು ಗೋಡೆಗೆ ಚಂದ, ಅಷ್ಟೇ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯಂಥ ಕಡೆ ಬೇಸಿಗೆ ಫೆಲೋಶಿಪ್‌ಗಳಿವೆ ನಿಜ. ಅವು ಕಾಲೇಜು ಮಕ್ಕಳಿಗೆ.

ಈಗ ಅವಳಿಗೆ ಬೇಕಿರುವುದು ಕೇಳುವ ರೂಢಿ. ಐಸಿಟಿಎಸ್ ಎಂಬ ವಿಜ್ಞಾನ ಸಂಶೋಧನಾ ಸಂಸ್ಥೆಯ ‘ಕಾಪಿ ವಿತ್ ಕ್ಯೂರಿಯಾಸಿಟಿ’ ಉಪನ್ಯಾಸಗಳು ಪುಕ್ಕಟೆ. ಹೆಚ್ಚಾಗಿ ಭಾನುವಾರ ಸಂಜೆ, ಬೆಂಗಳೂರಿನ ನೆಹರೂ ತಾರಾಲಯದಲ್ಲಿ. ನಿಮ್ಮ ತುಮಕೂರಿನಿಂದ ರೈಲಲ್ಲಿ ಬಂದು ರಾತ್ರಿ ಊಟಕ್ಕೆ ಮನೆ ಸೇರಬಹುದು. ಮಾತು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ; ಅರ್ಧ ಅರ್ಥವಾದರೂ ಸಾಕು. ಮುಗಿದ ಕೂಡಲೇ ಎದ್ದು ಓಡಬೇಡಿ. ಪ್ರಶ್ನೋತ್ತರವಾದ ಮೇಲೂ ಒಂದಷ್ಟು ಮಕ್ಕಳು ನೋಟ್‌ಬುಕ್ ಹಿಡಿದು ವಿಜ್ಞಾನಿಯನ್ನು ಸುತ್ತುವರಿದಿರುತ್ತಾರೆ. ಅಸಲು ಪಾಠ ಅಲ್ಲೇ. (ನೀವೂ ಒಂದು ಪ್ರಶ್ನೆ ಕೇಳಿ, ಯಾರೂ ನಗುವುದಿಲ್ಲ.)

ಇನ್ನು ಇಸ್ರೋದ ‘ಯುವಿಕಾ’. 2019ರಲ್ಲಿ ಶುರುವಾದ ಬೇಸಿಗೆ ಶಿಬಿರ; ಪ್ರಯಾಣ, ಊಟ, ವಸತಿ ಎಲ್ಲ ಅವರದೇ ಖರ್ಚು. ಎಂಟನೇ ತರಗತಿಯ ಅಂಕ ನೋಡುತ್ತಾರೆ, ಹಳ್ಳಿ ಶಾಲೆಯವರಿಗೆ ಆದ್ಯತೆಯೂ ಇದೆ. ಆದರೆ ಅದು ಒಂಬತ್ತನೇ ತರಗತಿಯವರಿಗೆ ಮಾತ್ರ. ಅರ್ಜಿ ಈ ವರ್ಷವೇ ಹಾಕಿಸಿ.