63 ಸಾವಿರದ ಎಸಿ, 1.27 ಲಕ್ಷದ ತಂಪು

63,000 ರೂಪಾಯಿಯ ಎಸಿಗೆ ನಮ್ಮ ಮನೆಯಿಂದ ಹೋಗಿದ್ದು 1,27,000 ರೂಪಾಯಿ. ಯಾರೂ ಮೋಸ ಮಾಡಿಲ್ಲ, ಬಿಲ್ಲುಗಳೆಲ್ಲ ನನ್ನ ಫೈಲಿನಲ್ಲಿವೆ. ಎಸಿಯ ಬೆಲೆ ಬೇರೆ, ಎಸಿ ಇಲ್ಲದೆ ಹುಟ್ಟಿದ ಗಾಡಿಗೆ ಎಸಿ ಹಾಕಿಸುವ ಬೆಲೆ ಬೇರೆ, ಅಷ್ಟೇ. ಗೊತ್ತಿದ್ದೇ ಹಾಕಿಸಿದೆ. ಈಗ ಪರಿಚಯದವರು ಒಬ್ಬೊಬ್ಬರಾಗಿ ತಮ್ಮ ಹಳೇ ಕ್ವಾಲಿಸ್, ಟ್ರ್ಯಾಕ್ಸ್, ಜೀಪುಗಳ ವಿಚಾರ ತೆಗೆದು ‘ನಿಮ್ಮದಕ್ಕೆ ಎಷ್ಟಾಯ್ತು?’ ಅಂತ ಕೇಳುತ್ತಿರುವುದರಿಂದ ಲೆಕ್ಕವನ್ನು ಇಲ್ಲೇ ಬಿಡಿಸಿಡುತ್ತೇನೆ.

ಗಾಡಿ ಟಾಟಾ ಸುಮೊ, ಅಪ್ಪ 1996ರಲ್ಲಿ ತೆಗೆದುಕೊಂಡಿದ್ದು. ಸುಮೊ ಮಾರುಕಟ್ಟೆಗೆ ಬಂದದ್ದು 1994ರಲ್ಲಿ. ಕಂಪನಿಯನ್ನು ಆಗಿನ್ನೂ ಎಲ್ಲರೂ ಟೆಲ್ಕೊ ಅಂತಲೇ ಕರೆಯುತ್ತಿದ್ದರು. ಅದರ ಹಿಂದಿನ ಮುಖ್ಯಸ್ಥ ಸುಮಂತ್ ಮೂಲಗಾಂವ್ಕರ್ ಅವರ ಹೆಸರಿನ ಮೊದಲಕ್ಷರಗಳಿಂದ ಗಾಡಿಗೆ ಆ ಹೆಸರು. 1,948 ಸಿಸಿ ಡೀಸೆಲ್ ಎಂಜಿನ್, ಅರವತ್ತು ಚಿಲ್ಲರೆ ಕುದುರೆ ಶಕ್ತಿ, ಹಿಂದೆ ಎದುರುಬದುರು ಸೀಟು. 2019ರಲ್ಲಿ ತಯಾರಿಕೆಯೇ ನಿಂತುಹೋಯಿತು. ನಮ್ಮ ಮನೆಯಲ್ಲಿ ಮಾತ್ರ ನಿಲ್ಲಲಿಲ್ಲ.

ಅಪ್ಪ ತೆಗೆದುಕೊಂಡಾಗ ಮೈಸೂರಿನಲ್ಲಿ ಗಾಡಿಗೆ ಎಸಿ ಬೇಕು ಅಂದವರನ್ನು ನೋಡಿ ಜನ ನಗುತ್ತಿದ್ದರು. ಈಗ ಮಾರ್ಚ್ ಹುಟ್ಟಿದರೆ 35 ಡಿಗ್ರಿ ಮಾಮೂಲು. ನಮ್ಮ ಕುಟುಂಬದ ಓಡಾಟವೋ, ಪಂಚಾಂಗ ನೋಡಿಕೊಂಡು ಬಿಸಿಲಿಗೇ ಬೀಳುತ್ತದೆ. ನಂಜನಗೂಡಿನ ದೊಡ್ಡ ಜಾತ್ರೆ, ಮೇಲುಕೋಟೆಯ ವೈರಮುಡಿ, ಯುಗಾದಿಗೆ ಮಹದೇಶ್ವರ ಬೆಟ್ಟ, ಆಮೇಲೆ ಮೇ ತಿಂಗಳ ಮದುವೆಗಳು. ಕಿಟಕಿ ತೆಗೆದರೆ ಕೊಳ್ಳೇಗಾಲದ ರಸ್ತೆಯ ಬಿಸಿಗಾಳಿ, ಮುಚ್ಚಿದರೆ ತಗಡಿನ ಪೆಟ್ಟಿಗೆ. ಹೋದ ಬೇಸಿಗೆಯಲ್ಲಿ ಅಮ್ಮ ‘ನೀವೇ ಹೋಗ್ಬನ್ನಿ ಕಣಪ್ಪ, ನಂಗಾಗಲ್ಲ’ ಅಂದುಬಿಟ್ಟರು. ಅಣ್ಣ ‘ಮಾರಿಬಿಡೋಣ’ ಅಂದ. ಸೆಕೆಂಡ್ ಹ್ಯಾಂಡ್ ಡೀಲರ್ ಹೇಳಿದ ಬೆಲೆ ಗುಜರಿ ಬೆಲೆಗಿಂತ ಹೆಚ್ಚೇನೂ ಇರಲಿಲ್ಲ. ಆ ದುಡ್ಡಿಗೆ ಒಂಬತ್ತು ಜನ ಕೂರುವ ಗಾಡಿ ಎಲ್ಲಿಂದ ತರೋದು?

ಬನ್ನಿಮಂಟಪದ ಕಡೆಯ ಒಂದು ವರ್ಕ್‌ಶಾಪಿನಲ್ಲಿ ಕೇಳಿದೆ. ಮುಂದಿನ ಯೂನಿಟ್, 508 ಕಂಪ್ರೆಸರ್, ಕಂಡೆನ್ಸರ್, ಪೈಪು, ಡ್ರೈಯರ್ ಎಲ್ಲ ಸೇರಿ 46,000. ಹಿಂದಿನ ಸೀಟಿನವರಿಗೂ ಗಾಳಿ ಬರಬೇಕಾದರೆ ಇನ್ನೊಂದು ಕೂಲಿಂಗ್ ಕಾಯಿಲ್, ಬ್ಲೋವರ್, 17,000. ಒಟ್ಟು 63,000. ಇಲ್ಲಿಗೇ ಬಹಳ ಜನ ತಲೆಯಾಡಿಸಿ ಅಡ್ವಾನ್ಸ್ ಕೊಟ್ಟುಬಿಡುತ್ತಾರೆ. ಮೇಸ್ತ್ರಿ ಒಳ್ಳೆಯವನು, ಬಾನೆಟ್ ಎತ್ತಿ ಮಿಕ್ಕಿದ್ದನ್ನೂ ಹೇಳಿದ. ‘ಸಾರ್, ಎಸಿ ಕೂರಿಸೋದು ಒಂದಿನದ ಕೆಲಸ. ಅದನ್ನ ತಡ್ಕೊಳ್ಳೋ ಹಂಗೆ ಗಾಡಿ ಮಾಡೋದು ಒಂದ್ ವಾರ.’

ಕಂಪ್ರೆಸರ್ ಕೂರಿಸುವ ಬ್ರ್ಯಾಕೆಟ್, ಕ್ರ್ಯಾಂಕ್ ಪುಲ್ಲಿ, ಬೆಲ್ಟು 6,500 (ಪುಲ್ಲಿ ಸಿಕ್ಕಿದ್ದು ಬೆಂಗಳೂರಿನ ಶಿವಾಜಿನಗರದಲ್ಲಿ, ಅಲ್ಲಿ ಸಿಗದಿದ್ದರೆ ಎಲ್ಲೂ ಇಲ್ಲ). ಕಂಡೆನ್ಸರ್ ಬಂದು ರೇಡಿಯೇಟರ್ ಮುಂದೆ ನಿಂತರೆ ರೇಡಿಯೇಟರಿಗೆ ಹೋಗುವ ಗಾಳಿಯೇ ಬಿಸಿ. ಹಾಗಾಗಿ ಅದಕ್ಕೆ ಹೊಸ ಕೋರ್, ಜತೆಗೆ ಎಲೆಕ್ಟ್ರಿಕ್ ಫ್ಯಾನು, 11,000. ಎರಡು ಬ್ಲೋವರ್, ಒಂದು ಫ್ಯಾನು, ರಾತ್ರಿಯಾದರೆ ಹೆಡ್‌ಲೈಟು. ಹಳೇ ಆಲ್ಟರ್ನೇಟರ್ ಇಷ್ಟನ್ನೆಲ್ಲ ಎಳೆಯುವುದಿಲ್ಲ. ದೊಡ್ಡದಕ್ಕೆ 9,500. ಬ್ಯಾಟರಿ 7,500. ರಿಲೇ, ಫ್ಯೂಸು, ವೈರಿಂಗು 3,000. ಮೂವತ್ತು ವರ್ಷದ ಬಾಗಿಲ ಬೀಡಿಂಗ್ ಒಣಗಿ ಸಂದು ಬಿಟ್ಟಿತ್ತು. ಅದನ್ನು ಬದಲಿಸಿ, ಚಾವಣಿಯ ಒಳಗೆ ಇನ್ಸುಲೇಶನ್ ಹಾಕಿಸಿ, ನೆಲಕ್ಕೆ ದಪ್ಪ ಮ್ಯಾಟ್ ಹೊಡೆಸಿದ್ದು 12,500. ಗ್ಯಾಸ್, ಕೂಲಿ 14,000. ಕೂಡಿಸಿ ನೋಡಿ, 64,000 ಬರುತ್ತದೆ. ಎಸಿಗಿಂತ ಅದರ ಪರಿವಾರದ ಖರ್ಚೇ ಒಂದು ಸಾವಿರ ಜಾಸ್ತಿ.

ನಡುವೆ ಒಂದು ಎಚ್ಚರಿಕೆ. ಹಳೇ ಗಾಡಿಯಿಂದ ಬಿಚ್ಚಿದ ಎಸಿ ಸೆಟ್ಟು ಅರ್ಧ ಬೆಲೆಗೆ ಕೊಡುತ್ತೇವೆ ಎನ್ನುವವರು ಸಿಗುತ್ತಾರೆ. ಅದು ಆರ್-12 ಕಾಲದ್ದಾದರೆ ಮುಟ್ಟಬೇಡಿ. ಓಝೋನ್ ಪದರಕ್ಕೆ ತೂತು ಮಾಡುತ್ತದೆಂದು ಆ ಅನಿಲಕ್ಕೆ 1987ರ ಮಾಂಟ್ರಿಯಲ್ ಒಪ್ಪಂದವೇ ಗಂಟೆ ಬಾರಿಸಿತ್ತು. ಭಾರತದಲ್ಲಿ 2008ಕ್ಕೆ ಅದರ ತಯಾರಿಕೆ ನಿಂತಿತು. ಅದರ ಮಿನರಲ್ ಆಯಿಲ್ಲಿಗೂ ಈಗಿನ ಆರ್-134ಎ ಗ್ಯಾಸಿಗೂ ಹೊಂದಿಕೆಯಾಗುವುದಿಲ್ಲ. ಉಳಿಸಿದ ದುಡ್ಡು ಕಂಪ್ರೆಸರ್ ಜತೆಗೇ ಜಾಮ್ ಆಗುತ್ತದೆ.

ಈಗ ನಿಜವಾದ ಲೆಕ್ಕ. ಎಸಿಯನ್ನು ಎಷ್ಟಕ್ಕೆ ತಂದಿರಿ ಅನ್ನುವುದು ಅರ್ಧ ಪ್ರಶ್ನೆ. ಒಂದು ಗಂಟೆ ತಂಪಿಗೆ ಎಷ್ಟು ಬಿತ್ತು? ಪೆನ್ನು ಹಿಡಿದು ಕೂರಿ.

1,27,000ವನ್ನು ಐದು ವರ್ಷಕ್ಕೆ ಹಂಚಿದೆ. ಐದೇ ಯಾಕೆಂದರೆ ಹಳೇ ಖಾಸಗಿ ಗಾಡಿಯ ಆರ್.ಸಿ. ನವೀಕರಣವೂ ಐದು ವರ್ಷಕ್ಕೇ. ಅದರಾಚೆಗೆ ಗಾಡಿ ಇದ್ದೀತು ಎಂದು ಲೆಕ್ಕ ಹಾಕುವುದು ಆಸೆಬುರುಕುತನ. ವರ್ಷಕ್ಕೆ 25,400. ಆ ದುಡ್ಡು ಎಫ್‌ಡಿಯಲ್ಲಿದ್ದಿದ್ದರೆ ಬಡ್ಡಿ ಬರುತ್ತಿತ್ತಲ್ಲ? ಅಸಲು ವರ್ಷವರ್ಷಕ್ಕೂ ಕರಗುವುದರಿಂದ ಸರಾಸರಿ ಅರ್ಧ, ಅಂದರೆ 63,500ಕ್ಕೆ ಶೇ 7ರಂತೆ 4,445. ಗ್ಯಾಸ್, ಬೆಲ್ಟು, ಕಾಯಿಲ್ ಕ್ಲೀನಿಂಗಿಗೆ ವರ್ಷಕ್ಕೆ 5,000 ಎತ್ತಿಟ್ಟೆ. ಇನ್ನು ಡೀಸೆಲ್. ನಮ್ಮ ಸುಮೊ ವರ್ಷಕ್ಕೆ ಸುಮಾರು 4,000 ಕಿ.ಮೀ. ಓಡುತ್ತದೆ, ಅದರಲ್ಲಿ 3,000 ಎಸಿ ಹಾಕಿಕೊಂಡು. ಮೊದಲು ಲೀಟರಿಗೆ 11 ಕೊಡುತ್ತಿದ್ದ ಗಾಡಿ ಎಸಿ ಹಾಕಿದರೆ 9.5ಕ್ಕೆ ಇಳಿಯಿತು. 3,000ಕ್ಕೆ ಮೊದಲು 273 ಲೀಟರ್, ಈಗ 316. ಹೆಚ್ಚುವರಿ 43 ಲೀಟರಿಗೆ 91 ರೂಪಾಯಿಯಂತೆ 3,900 ಚಿಲ್ಲರೆ.

ಎಲ್ಲ ಸೇರಿ ವರ್ಷಕ್ಕೆ 38,700ರ ಆಸುಪಾಸು. 3,000 ಕಿ.ಮೀ.ಯನ್ನು ಗಂಟೆಗೆ 40ರ ವೇಗದಲ್ಲಿ ಓಡಿದರೆ 75 ಗಂಟೆ. ಭಾಗಿಸಿ. ಗಂಟೆಗೆ 516 ರೂಪಾಯಿ.

ಇದನ್ನು ಓದಿದಾಗ ಅತ್ತಿಗೆ ‘ಅಷ್ಟಕ್ಕೆ ಮಾಲ್‌ನಲ್ಲಿ ಎಸಿ ಥಿಯೇಟರಿನಲ್ಲಿ ಎರಡು ಸಿನಿಮಾ ನೋಡ್ಬೋದಿತ್ತು’ ಅಂದರು. ಸರಿ. ಆದರೆ ಗಾಡಿಯಲ್ಲಿ ಎಂಟು ಜನ ಕೂತರೆ ತಲೆಗೆ 65 ರೂಪಾಯಿಯೂ ಆಗುವುದಿಲ್ಲ. ಒಬ್ಬನೇ ಕೂತು ದೇವರಾಜ ಅರಸು ರಸ್ತೆಗೆ ಶರ್ಟು ತರಲು ಹೋದರೆ ಪೂರಾ 516 ನನ್ನೊಬ್ಬನ ತಲೆಗೇ. ಆದ್ದರಿಂದ ಮನೆಯಲ್ಲಿ ಒಂದು ಕಟ್ಟಳೆ ಮಾಡಿದ್ದೇವೆ: ನಾಲ್ಕು ಜನಕ್ಕಿಂತ ಕಡಿಮೆ ಇದ್ದರೆ ಸುಮೊ ಹೊರಡುವುದಿಲ್ಲ.

ಬಾಡಿಗೆಯ ದಾರಿಯನ್ನೂ ನೋಡಿದ್ದೆ. ಬಿಸಿಲು ಕಾಲದ ದೂರದ ಓಡಾಟಕ್ಕೆಲ್ಲ ಎಸಿ ಟೆಂಪೊ ಟ್ರಾವೆಲರ್ ಹಿಡಿದು, ಬಾಟಾ ಟೋಲು ಕೊಟ್ಟರೂ ವರ್ಷಕ್ಕೆ 30,000ದಲ್ಲಿ ಮುಗಿಯುತ್ತಿತ್ತು. ನಮ್ಮ ಡೀಸೆಲ್ ಉಳಿದದ್ದು ಕಳೆದರೆ 21,000. ಅಂದರೆ ಬಾಡಿಗೆಯೇ ಅಗ್ಗ, ಅನುಮಾನವಿಲ್ಲ. ವರ್ಷಕ್ಕೆ 17,700 ರೂಪಾಯಿ ಹೆಚ್ಚಿಗೆ ಕೊಟ್ಟು ನಾನು ಎಸಿ ಹಾಕಿಸಿದ್ದೇನೆ. ಅಮ್ಮನಿಗೆ ಅಪ್ಪನ ಗಾಡಿಯ ಎತ್ತರದ ಸೀಟೇ ಬೇಕು, ನಡುರಾತ್ರಿ ಆಸ್ಪತ್ರೆಗೆ ಹೋಗಬೇಕಾದರೆ ಯಾರಿಗೂ ಫೋನ್ ಮಾಡುವಂತಿರಬಾರದು. ಆ 17,700 ನನ್ನ ಪುಸ್ತಕದಲ್ಲಿ ‘ಶೋಕಿ’ ಕಾಲಮ್ಮಿನಲ್ಲಿದೆ. ‘ಗಾಡಿಯ ವ್ಯಾಲ್ಯೂ ಜಾಸ್ತಿಯಾಯ್ತು ಬಿಡಿ’ ಎಂದು ಸಮಾಧಾನ ಹೇಳುವವರ ಜತೆ ನಾನು ವಾದಕ್ಕಿಳಿಯುವುದಿಲ್ಲ. ಅದೇ ಡೀಲರನ್ನು ಮತ್ತೆ ಕೇಳಿದೆ. ಎಸಿಗೆಂದು ಒಂದು ರೂಪಾಯಿ ಏರಿಸಲಿಲ್ಲ.

ದುಡ್ಡು ಹೊಂದಿಸುವ ವಿಷಯಕ್ಕೆ ಬಂದರೆ ನನಗೆ ಸಿಟ್ಟು ಬರುವುದು ‘ನೋ ಕಾಸ್ಟ್ ಇಎಂಐ’ ಎಂಬ ಬೋರ್ಡು ಕಂಡಾಗ. 63,000ಕ್ಕೆ ಹನ್ನೆರಡು ಕಂತು, ಕಂತಿಗೆ 5,250, ಬಡ್ಡಿ ಸೊನ್ನೆ ಅಂತ ಕಾರ್ಡ್ ಉಜ್ಜಲು ಮಷೀನ್ ಚಾಚಿದರು. ನಗದು ಕೊಟ್ಟರೆ? 4,000 ಡಿಸ್ಕೌಂಟು. ಅಲ್ಲಿಗೆ ಸೊನ್ನೆಯ ಬಣ್ಣ ಬಯಲಾಯಿತು. ಬ್ಯಾಂಕು ಶೇ 15ರಂತೆ ಬಡ್ಡಿ ಹಾಕೇ ಹಾಕುತ್ತದೆ, ಅಂಗಡಿಯವರು ಅಷ್ಟನ್ನು ಬಿಲ್ಲಿನಲ್ಲಿ ಇಳಿಸಿದಂತೆ ತೋರಿಸುತ್ತಾರೆ. ಆ ಬಡ್ಡಿಯ ಮೇಲಿನ ಶೇ 18 ಜಿಎಸ್‌ಟಿ ಮಾತ್ರ ನಮ್ಮ ಜೇಬಿನದು, 870 ರೂಪಾಯಿ. ಪ್ರೊಸೆಸಿಂಗ್ ಶುಲ್ಕ ತೆರಿಗೆ ಸೇರಿ 353. ಕೈಬಿಟ್ಟ ಡಿಸ್ಕೌಂಟ್ ಸೇರಿಸಿದರೆ ಖರ್ಚಿಲ್ಲದ ಕಂತಿಗೆ 5,223 ರೂಪಾಯಿ ಖರ್ಚು! ಶೂನ್ಯ ಬಡ್ಡಿ ಅನ್ನುವುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತ್ತು. ಬೋರ್ಡಿನ ಹೆಸರು ಬದಲಾಯಿತು, ಆಟ ಅದೇ. ಸಾಲವೇ ಬೇಕಾದರೆ ಬಡ್ಡಿ ಎಷ್ಟೆಂದು ಮುಖಕ್ಕೆ ಹೇಳುವ ಸಾಲ ತೆಗೆದುಕೊಳ್ಳಿ ಸ್ವಾಮಿ. ನಾನು ನಗದು ಕೊಟ್ಟು 4,000 ಕಡಿಮೆ ಮಾಡಿಸಿಕೊಂಡೆ. ಅದು ಬೀಡಿಂಗ್ ಖರ್ಚಿಗೆ ಹೋಯಿತು ಅಂದುಕೊಂಡು ಮೇಲಿನ ಲೆಕ್ಕದಲ್ಲಿ ಪೂರಾ ಬೆಲೆಯನ್ನೇ ಹಿಡಿದಿದ್ದೇನೆ.

ಇನ್ನು ಕಾಗದಪತ್ರ. ನಮ್ಮ ಸುಮೊಗೆ ಈ ವರ್ಷ ಆರ್.ಸಿ. ಮುಗಿಯುತ್ತಿತ್ತು: 1996, ಹದಿನೈದು ವರ್ಷಕ್ಕೆ 2011, ಆಮೇಲೆ 2016, 2021, ಈಗ 2026. ಎಸಿಗೆ ಕೈಹಾಕುವ ಮೊದಲು ಅದನ್ನು ಮುಗಿಸಿಕೊಂಡೆ. ಕಾರಿನ ನವೀಕರಣಕ್ಕೆ ಒಂದು ಕಾಲದಲ್ಲಿ 600 ರೂಪಾಯಿ ಇತ್ತು. 2022ರ ಏಪ್ರಿಲ್‌ನಿಂದ 5,000 ಆಯಿತು. 2025ರ ಆಗಸ್ಟ್‌ನಲ್ಲಿ ಇಪ್ಪತ್ತು ವರ್ಷ ದಾಟಿದ ಲಘು ವಾಹನಕ್ಕೆ 10,000 ಮಾಡಿದರು. ಗ್ರೀನ್ ಟ್ಯಾಕ್ಸ್ ಬೇರೆ. ಎಸಿ ಹಾಕಿಸಿಕೊಂಡು ಆಮೇಲೆ ಆರ್‌ಟಿಒ ಮುಂದೆ ನಿಂತು ಚಾಸಿ ತುಕ್ಕು ಹಿಡಿದಿದೆ ಅನ್ನಿಸಿಕೊಂಡರೆ 1,27,000ದ ತಂಪು ಗುಜರಿಯವನ ಪಾಲು.

ವಿಮೆಯದ್ದು ಇನ್ನೊಂದು ಕಥೆ. ಇಷ್ಟು ಹಳೇ ಗಾಡಿಗೆ ನನಗೆ ಸಿಕ್ಕಿದ್ದು ಥರ್ಡ್ ಪಾರ್ಟಿ ಮಾತ್ರ. 1,500 ಸಿಸಿ ಮೇಲ್ಪಟ್ಟ ಕಾರಿಗೆ 2022ರ ಜೂನ್‌ನಲ್ಲಿ ನಿಗದಿಯಾದ ದರ 7,897. ಜಿಎಸ್‌ಟಿ ಸೇರಿ 9,318. ಓನ್ ಡ್ಯಾಮೇಜ್ ಕೊಡುವ ಕಂಪನಿ ಸಿಕ್ಕರೆ ಹೊರಗಿನಿಂದ ಹಾಕಿಸಿದ ಎಲೆಕ್ಟ್ರಿಕಲ್ ಸಾಮಾನನ್ನು ಘೋಷಿಸಿ ಅದರ ಬೆಲೆಯ ಶೇ 4ರಷ್ಟು ಪ್ರೀಮಿಯಂ ಕಟ್ಟಬಹುದು. ಸಿಗದಿದ್ದರೆ ಮುಂದಿನಿಂದ ಒಂದು ಗುದ್ದು ಬಿದ್ದ ದಿನ ಕಂಡೆನ್ಸರ್, ಫ್ಯಾನು, ರೇಡಿಯೇಟರ್ ಮೂರೂ ನಿಮ್ಮ ಖರ್ಚೇ. ಅದಕ್ಕೆಂದು 25,000 ಬೇರೆ ಎಫ್‌ಡಿ ಇಟ್ಟಿದ್ದೇನೆ.

‘ಇಟ್ಕೊಂಡಿರಿ, ವಿಂಟೇಜ್ ಆಗತ್ತೆ’ ಅನ್ನುವ ಗೆಳೆಯರಿದ್ದಾರೆ. ದಸರಾ ಹೊತ್ತಿನಲ್ಲಿ ವಿಂಟೇಜ್ ಕಾರುಗಳ ಮೆರವಣಿಗೆ ನೋಡಿ ಬಂದವರು, ಶ್ರೀರಂಗಪಟ್ಟಣದ ಹತ್ತಿರದ ‘ಪಯಣ’ ಮ್ಯೂಸಿಯಂಗೆ ಹೋಗಿ ಬಂದವರು. 2021ರ ನಿಯಮದಂತೆ ವಿಂಟೇಜ್ ಆಗಲು ಐವತ್ತು ವರ್ಷ ತುಂಬಿರಬೇಕು. ನಮ್ಮದಕ್ಕೆ 2046. ಆಮೇಲೂ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಜಾತ್ರೆಗೆ ಹೋಗಲಾಗದ ಸುಮೊ ಇಟ್ಟುಕೊಂಡು ನಾವೇನು ಮಾಡೋಣ?

ಕೊನೆಗೆ ನಿಮ್ಮ ಎಸಿ ಖರ್ಚನ್ನು ತೀರ್ಮಾನಿಸುವುದು ಬಿಲ್ಲಿಗಿಂತ ನಿಮ್ಮ ಬೆರಳು. ಬಿಸಿಲಲ್ಲಿ ನಿಲ್ಲಿಸಿದ ಗಾಡಿಗೆ ಹತ್ತಿದ ಕೂಡಲೇ ಎಸಿ ಒತ್ತುವವರು, ಮದುವೆ ಛತ್ರದ ಮುಂದೆ ಎಂಜಿನ್ ಓಡಿಸಿಕೊಂಡು ಎಸಿಯಲ್ಲಿ ಮೊಬೈಲ್ ನೋಡುತ್ತ ಕೂರುವ ನಮ್ಮ ಹುಡುಗರು, ಕಿಟಕಿ ಎರಡು ಬೆರಳು ತೆರೆದೇ ಬಿಡುವ ದೊಡ್ಡಪ್ಪ. ಇವರೆಲ್ಲರೂ ಡೀಸೆಲ್ ಬಿಲ್ಲಿಗೆ ಸಹಿ ಹಾಕುವವರೇ. ಮೊದಲೆರಡು ನಿಮಿಷ ಬಾಗಿಲು ತೆರೆದು ಬಿಸಿಗಾಳಿ ಹೊರಗೆ ಬಿಡಿ. ಘಾಟಿ ಹತ್ತುವಾಗ ಎಸಿ ಆರಿಸಿ. ಅರವತ್ತು ಕುದುರೆಯಲ್ಲಿ ಮೂರು ನಾಲ್ಕನ್ನು ಕಂಪ್ರೆಸರ್ ತಿನ್ನುತ್ತದೆ, ಟೆಂಪರೇಚರ್ ಮುಳ್ಳು ಏರುವುದು ಅಲ್ಲೇ. ಮಳೆಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಹಾಕಿ, ಇಲ್ಲದಿದ್ದರೆ ಸೀಲ್ ಒಣಗಿ ಗ್ಯಾಸ್ ಸೋರುತ್ತದೆ. ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಒಂದು ನೋಟ್‌ಬುಕ್ ಇಡಿ, ಎಸಿ ಹಾಕಿದ ಕಿಲೋಮೀಟರ್ ಬರೆಯಿರಿ. ಬರೆಯುವ ಮನೆಯಲ್ಲಿ ಖರ್ಚು ತಾನಾಗಿ ಇಳಿದದ್ದನ್ನು ನಾನು ಗಾಡಿಯಲ್ಲೂ ಕಂಡಿದ್ದೇನೆ, ಕರೆಂಟ್ ಬಿಲ್ಲಿನಲ್ಲೂ.

ವರ್ಷಕ್ಕೆ 3,000 ಕಿ.ಮೀ. ಎಸಿ ಓಡಿಸದ, ಆರು ಜನ ಕೂರದ ಗಾಡಿಗೆ ಹಾಕಿಸಬೇಡಿ, ಬಾಡಿಗೆ ಹಿಡಿಯಿರಿ. ಹಾಕಿಸುವುದೇ ಆದರೆ ಕಿಟ್ಟಿನ ಬೆಲೆಗೆ ಅಷ್ಟೇ ಮೊತ್ತ ಸೇರಿಸಿ ಕೈಯಲ್ಲಿಟ್ಟುಕೊಳ್ಳಿ, ರೇಡಿಯೇಟರ್, ಆಲ್ಟರ್ನೇಟರ್, ಬೀಡಿಂಗ್ ಸೇರಿದ ಅಂದಾಜನ್ನು ಬರಹದಲ್ಲಿ ಕೇಳಿ. ಅಡ್ವಾನ್ಸ್ ಕೊಡುವ ಮುನ್ನ ಆರ್.ಸಿ. ತೆಗೆದು ಅದು ಯಾವ ತಾರೀಖಿಗೆ ಮುಗಿಯುತ್ತದೆ ನೋಡಿಕೊಳ್ಳಿ.