ಕೊನೆಯ ಹದಿನಾರು ಯೂನಿಟ್

ಶ್ರೀನಿವಾಸಪುರದ ಚಳಿ ಅಂದರೆ ಬೆಂಗಳೂರಿನ ನೆಂಟರು ನಗುತ್ತಾರೆ. ಬಯಲುಸೀಮೆಯಲ್ಲಿ ಎಂಥಾ ಚಳಿ ಅನ್ನುವುದು ಅವರ ಲೆಕ್ಕ. ಹೊಳೆಯಿಲ್ಲದ, 800 ಮೀಟರ್‌ಗೂ ಎತ್ತರದ ಒಣ ನೆಲ ನಮ್ಮದು. ಧನುರ್ಮಾಸದಲ್ಲಿ ಮೋಡವಿಲ್ಲದ ರಾತ್ರಿ ಬಂತೆಂದರೆ ಹಗಲೆಲ್ಲ ಕಾದ ತಾರಸಿ ಬೆಳಗಿನ ಜಾವಕ್ಕೆ ಮಂಜುಗಡ್ಡೆಯಂತಾಗಿರುತ್ತದೆ. ಮಾವಿನ ಮರಕ್ಕೆ ಈ ಚಳಿ ಬೇಕು, ಹೂ ಕಟ್ಟುವುದೇ ಇದರಿಂದ. ಅವರೆಕಾಯಿಗೂ ಸೊಗಡು ಬೇಕಾದರೆ ಇಬ್ಬನಿ ಬೀಳಬೇಕು. ಬೇಡವಾಗಿರುವುದು ಎಪ್ಪತ್ತೆಂಟು ವರ್ಷದ ನಮ್ಮಮ್ಮನ ಮಂಡಿಗೆ ಮಾತ್ರ.

2024ರ ಡಿಸೆಂಬರ್‌ನಲ್ಲಿ ಅಮ್ಮ ಎರಡು ರಾತ್ರಿ ನಿದ್ದೆ ಇಲ್ಲದೆ ಎದ್ದು ಕೂತಿದ್ದನ್ನು ನೋಡಿ ಪೇಟೆಗೆ ಹೋಗಿ 2,000 ವಾಟ್‌ನ ರೂಮ್ ಹೀಟರ್ ತಂದೆ. ಬೆಲೆ 2,100 ರೂಪಾಯಿ. ಅಗ್ಗವಾಯಿತು ಅನ್ನಿಸಿತ್ತು. ರಾತ್ರಿ ಒಂಬತ್ತಕ್ಕೆ ಹಾಕಿ ಒಂದು ಗಂಟೆಗೆ ನಾನೇ ಎದ್ದು ಆರಿಸುತ್ತಿದ್ದೆ. ನಾಲ್ಕು ಗಂಟೆಗೆ ಎಂಟು ಯೂನಿಟ್. ಹನ್ನೆರಡು ರಾತ್ರಿ ಹೀಗೆ ನಡೆಯಿತು. ತಿಂಗಳ ಕೊನೆಗೆ ಮೀಟರ್ 216 ತೋರಿಸಿತು.

ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿ ಇರುವ ಮನೆಯವರಿಗೆ ಈ ಅಂಕಿ ಕಂಡರೆ ಎದೆ ಧಸಕ್ಕೆನ್ನಬೇಕು. ನನಗೆ ಬಿಲ್ ಕೈಗೆ ಬರುವವರೆಗೂ ಏನೂ ಅನ್ನಿಸಿರಲಿಲ್ಲ. 2022-23ರ ಸರಾಸರಿಗೆ ಶೇಕಡಾ ಹತ್ತು ಸೇರಿಸಿ ನಮ್ಮ ಮನೆಗೆ ಸಿಕ್ಕಿದ್ದು 130 ಯೂನಿಟ್. ಅದರೊಳಗಿದ್ದರೆ ಸೊನ್ನೆ ಬಿಲ್. 130 ದಾಟಿ 200ರವರೆಗೆ ಹೋದರೆ ಹೆಚ್ಚಿಗೆ ಸುಟ್ಟಷ್ಟಕ್ಕೆ ಮಾತ್ರ ದುಡ್ಡು. 200 ದಾಟಿತೋ, ಮೊದಲ ಯೂನಿಟ್‌ನಿಂದ ಪೂರ್ತಿ ನಮ್ಮದೇ. ಆಗ ಯೂನಿಟ್‌ಗೆ 5 ರೂಪಾಯಿ 90 ಪೈಸೆ ಇತ್ತು. ನಿಗದಿ ಶುಲ್ಕ, ತೆರಿಗೆ ಸೇರಿ ಬಿಲ್ 1,600 ದಾಟಿತು. 200ಕ್ಕೇ ನಿಂತಿದ್ದರೆ 450ರ ಆಸುಪಾಸಿನಲ್ಲಿ ಮುಗಿಯುತ್ತಿತ್ತು. ಅಂದರೆ ಕೊನೆಯ ಹದಿನಾರು ಯೂನಿಟ್‌ಗೆ ನಾನು ತೆತ್ತದ್ದು ಒಂದೊಂದಕ್ಕೆ ಎಪ್ಪತ್ತು ರೂಪಾಯಿಗೂ ಮೇಲೆ. ಎರಡು ರಾತ್ರಿಯ ಹೀಟರ್ ಅಷ್ಟೇ ಅದು! ಮೂವತ್ತು ವರ್ಷ ಬೇರೆಯವರ ಲೆಕ್ಕ ಬರೆದ ನನಗೆ ಇದು ಹೊಳೆಯದೆ ಹೋಯಿತಲ್ಲ ಎಂದು ಇವತ್ತಿಗೂ ಕೊರೆಯುತ್ತದೆ.

ಮಧ್ಯೆ ಒಂದು ರಾತ್ರಿ, ಕರೆಂಟ್ ಉಳಿಸೋಣವೆಂದು ಬಾಣಲೆಯಲ್ಲಿ ಕೆಂಡ ಹಾಕಿ ಅಮ್ಮನ ಕೋಣೆಯಲ್ಲಿಟ್ಟಿದ್ದೆ. ಅರ್ಧ ಗಂಟೆಗೆ ಅಮ್ಮನಿಗೆ ತಲೆಸುತ್ತು. ಮುಚ್ಚಿದ ಕೋಣೆಯಲ್ಲಿ ಕೆಂಡ ಕಾರುವ ವಿಷಗಾಳಿಗೆ ವಾಸನೆಯೂ ಇರುವುದಿಲ್ಲ, ಮಲಗಿದವರು ಮಲಗಿದಂತೆಯೇ ಹೋಗಿಬಿಡುತ್ತಾರೆ. ಆ ಉಳಿತಾಯ ಯಾರಿಗೂ ಬೇಡ.

ಹೀಗಾಗಿ ಕಳೆದ ವರ್ಷ ದಸರಾ ಮುಗಿದ ಕೂಡಲೇ ತಯಾರಿ ಶುರುಮಾಡಿದೆ. ಅಮ್ಮನ ಕೋಣೆಯ ವೆಂಟಿಲೇಟರ್‌ಗೆ ಬರೀ ಸಿಮೆಂಟ್ ಜಾಲಿ ಇತ್ತು. ಅದಕ್ಕೆ ತೆಗೆದು ಹಾಕುವಂಥ ಗಾಜು ಕೂರಿಸಲು 600 ರೂಪಾಯಿ. ಬಾಗಿಲಡಿಯ ಸಂದಿಗೆ ಹಳೇ ಸೀರೆ ಸುತ್ತಿದ ಗೋಣಿ, ಖರ್ಚಿಲ್ಲ. ಮಂಚವನ್ನು ಹೊರಗೋಡೆಯಿಂದ ಎರಡು ಮೊಳ ಈಚೆ ಎಳೆದೆವು, ಅದಕ್ಕೂ ಇಲ್ಲ. ಕೈಮಗ್ಗದ ಕಂಬಳಿ 1,400. ಬಿಸಿನೀರಿನ ರಬ್ಬರ್ ಚೀಲ 250. ಹೆಚ್ಚುಕಡಿಮೆ ಹೀಟರ್‌ನಷ್ಟೇ ಆಯಿತು, ಆದರೆ ಇವುಗಳಲ್ಲಿ ಯಾವುದಕ್ಕೂ ಮೀಟರ್ ಇಲ್ಲ.

ಇನ್ನು ಸ್ನಾನದ ನೀರು. ನಿಜ ಹೇಳಬೇಕೆಂದರೆ ನಮ್ಮ ಮನೆಗಳಲ್ಲಿ ಚಳಿಗಾಲದ ಕರೆಂಟ್ ನುಂಗುವುದು ಇದೇ. ನೂರು ಲೀಟರ್ ನೀರನ್ನು 20 ಡಿಗ್ರಿಯಿಂದ 45ಕ್ಕೆ ಏರಿಸಲು ಹತ್ತಿರ ಹತ್ತಿರ ಮೂರು ಯೂನಿಟ್ ಬೇಕು. ದಿನಕ್ಕೆ ಮೂರಾದರೆ ತಿಂಗಳಿಗೆ ತೊಂಬತ್ತು, ಗೃಹಜ್ಯೋತಿಯ ಮೂರನೇ ಎರಡು ಪಾಲು ಬಚ್ಚಲಲ್ಲೇ ಖಾಲಿ. ಸಾಲದ್ದಕ್ಕೆ ನಮ್ಮ ಬೋರ್‌ವೆಲ್ ನೀರಿನ ಉಪ್ಪು ಗೀಸರ್ ಕಾಯಿಲ್ ಮೇಲೆ ಸುಣ್ಣದಂತೆ ಗಟ್ಟಿಕಟ್ಟಿ, ಕಾಯಿಲ್ ಬೇಗ ಸುಟ್ಟುಹೋಗುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿಸಿ ತೊಳೆಸಲು 400 ರೂಪಾಯಿ ಕೊಡುತ್ತೇನೆ, ಅದು ದಂಡವಲ್ಲ. ಸೋಲಾರ್ ಹಾಕಿಸಿ ಅನ್ನುವವರೂ ಇದ್ದಾರೆ. ಹಾಕಿಸಬಹುದು, ನಮ್ಮೂರಲ್ಲಿ ಬಿಸಿಲಿಗೆ ಬರವಿಲ್ಲ, ಆದರೆ ಅದರ ಕೊಳವೆಗಳಿಗೂ ಇದೇ ಉಪ್ಪು ಕಾದಿರುತ್ತದೆ. ನಾನು ಹಿತ್ತಲಿನ ಹಂಡೆ ಒಲೆಯನ್ನು ಮತ್ತೆ ಮೆತ್ತಿಸಿದೆ. ತಮ್ಮನ ತೋಟದಲ್ಲಿ ರೇಷ್ಮೆ ಹುಳು ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ ರಾಶಿ ಬಿದ್ದಿರುತ್ತದೆ. ಒಣಗಿದ್ದು ಚಟಪಟ ಉರಿಯುತ್ತದೆ. ನಾಲ್ವರ ಸ್ನಾನಕ್ಕೆ ಒಂದೂವರೆ ಹೊರೆ ಸಾಕು.

ಜೊತೆಗೆ ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಹತ್ತನೇ ತಾರೀಖು, ಇಪ್ಪತ್ತನೇ ತಾರೀಖು ಮೀಟರ್ ಅಂಕಿ ಬರೆಯುವ ಅಭ್ಯಾಸ. ಇಪ್ಪತ್ತಕ್ಕೆ 120 ದಾಟಿದರೆ ಮನೆಯಲ್ಲಿ ಎಲ್ಲರಿಗೂ ಎಚ್ಚರಿಕೆ. ಕಳೆದ ಡಿಸೆಂಬರ್ 127ಕ್ಕೆ ನಿಂತಿತು.

ಹಾಗಾದರೆ ಹೀಟರ್? ತಮ್ಮ ಒಯ್ದ. ಅವನ ಹುಳುಮನೆಗೆ ಬೇರೆ ಮೀಟರ್, ಅವನ ಲೆಕ್ಕವೇ ಬೇರೆ. ಚಾಕಿ ಹುಳಕ್ಕೆ, ಅಂದರೆ ಮರಿಹುಳಕ್ಕೆ, 27-28 ಡಿಗ್ರಿ ಬೇಕು, ದೊಡ್ಡ ಹುಳಕ್ಕೂ 24-25 ಇರಬೇಕು. ಚಳಿಗೆ ಹುಳು ಮಂಕಾದರೆ ಸೊಪ್ಪು ಮುಟ್ಟುವುದಿಲ್ಲ, ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಏಳುವುದು ತಡ, ಹಣ್ಣಾಗಿ ಗೂಡು ಕಟ್ಟುವುದೂ ತಡ. ಒಂದೊಂದು ದಿನ ಮುಂದೆ ಹೋದಂತೆ ಸೊಪ್ಪು, ಆಳು ಎರಡರ ಖರ್ಚೂ ಏರುತ್ತದೆ. ಅಲ್ಲಿ ಉರಿದ ಯೂನಿಟ್ ಗೂಡಾಗಿ ಮಾರುಕಟ್ಟೆಗೆ ಹೋಗಿ ದುಡ್ಡಾಗಿ ವಾಪಸ್ ಬರುತ್ತದೆ.

ಇದನ್ನೆಲ್ಲ ಅಮ್ಮನಿಗೆ ಬಿಡಿಸಿ ಹೇಳಿದೆ. ಕಂಬಳಿಯೊಳಗಿಂದ ಮುಖ ಮಾತ್ರ ಹೊರಹಾಕಿ ಕೇಳಿದರು: ‘ಅಂದ್ರೆ ಹುಳಕ್ಕೆ ಹೀಟರು, ನನಗೆ ಕಂಬಳಿ. ಅಷ್ಟೇ ತಾನೆ?’