ಯಂತ್ರ ಇಳಿಸುವ ಮುಂಚೆ

ಶಿಡ್ಲಘಟ್ಟದಲ್ಲೋ ರಾಮನಗರದಲ್ಲೋ ಕಾಟೇಜ್ ಬೇಸಿನ್ ತೆಗೆದು ಆಟೋಮ್ಯಾಟಿಕ್ ರೀಲಿಂಗ್ ಯಂತ್ರ ಹಾಕಿಸಲು ಹೊರಟಿರುವ ಮಾಲೀಕರೇ, ಸಾಲ, ಸಬ್ಸಿಡಿ, ಬಾಯ್ಲರಿನ ಲೆಕ್ಕವನ್ನೆಲ್ಲ ಹಾಕಿಯೇ ಇರುತ್ತೀರಿ. ಕೆಲಸದವರಿಗೆ ವಿಷಯ ಹೇಳಿದ್ದೀರಾ? ಯಂತ್ರ ಲಾರಿಯಿಂದ ಇಳಿಯುವ ದಿನ ಹೇಳಿದರಾಯಿತು ಅಂದುಕೊಳ್ಳಬೇಡಿ. ಟೀ ಅಂಗಡಿಯಲ್ಲಿ ಸುದ್ದಿ ಆಗಲೇ ಬಣ್ಣ ಕಟ್ಟಿಕೊಂಡು ಓಡಾಡುತ್ತಿರುತ್ತದೆ.

ಇದ್ದದ್ದು ಇದ್ದ ಹಾಗೆ ಹೇಳಿ. 400 ಎಳೆಗಳ ಯಂತ್ರಕ್ಕೆ ಬೇಸಿನ್ನಿನಷ್ಟು ಜನ ಬೇಡ. ಯಾರ ಕೆಲಸಕ್ಕೂ ಕುತ್ತಿಲ್ಲ ಎಂದು ಸುಳ್ಳು ಭರವಸೆ ಕೊಟ್ಟರೆ ಮುಂದೆ ನಿಮ್ಮ ಯಾವ ಮಾತನ್ನೂ ನಂಬುವವರಿರುವುದಿಲ್ಲ. ಯಾರಿಗೆ ಗೂಡು ವಿಂಗಡಣೆ, ಯಾರಿಗೆ ರೀ-ರೀಲಿಂಗ್, ಕಲಿಯುವ ತಿಂಗಳುಗಳಲ್ಲಿ ಕೂಲಿ ಎಷ್ಟು, ಹೆಸರು ಹಿಡಿದು ಹೇಳಿ.

ಬಿಸಿನೀರಲ್ಲಿ ಬೆರಳು ಬೆಳ್ಳಗಾದ ಹೆಂಗಸರನ್ನು ಹಳೇ ಕಾಲದವರೆಂದು ಬದಿಗೆ ಸರಿಸಬೇಡಿ. ಎಳೆ ತೆಳುವಾದರೆ ಯಂತ್ರವೇ ಗುರುತಿಸಿ ಹೊಸ ಗೂಡು ಜೋಡಿಸುತ್ತದೆ, ಸರಿ. ಆದರೆ ಗೂಡು ಅರೆಬೆಂದಿದೆಯೋ, ಮಿತಿಮೀರಿ ಬೆಂದಿದೆಯೋ ಎಂಬುದನ್ನು ಅವರು ಮುಟ್ಟಿಯೇ ಹೇಳಬಲ್ಲರು. ಆ ಹದ ತಪ್ಪಿದರೆ ಎಳೆ ಮತ್ತೆಮತ್ತೆ ತುಂಡಾಗಿ ನೂಲಿಗಿಂತ ತ್ಯಾಜ್ಯವೇ ಕಣ್ಣಿಗೆ ಬೀಳುತ್ತದೆ. ತರಬೇತಿಗೆ ಮೊದಲು ಇವರಲ್ಲೇ ಇಬ್ಬರನ್ನು ಕಳಿಸಿ. ಬೆಂಗಳೂರಿನ ಕೇಂದ್ರೀಯ ರೇಷ್ಮೆ ತಾಂತ್ರಿಕ ಸಂಶೋಧನಾ ಸಂಸ್ಥೆಯಲ್ಲಿ ವಿಚಾರಿಸಿ. ಮಾಲೀಕರ ಮಗನೊಬ್ಬನೇ ಕಲಿತು ಬಂದರೆ, ಅವನು ಊರಲ್ಲಿಲ್ಲದ ದಿನ ಯಂತ್ರವೂ ರಜೆ ಹಾಕುತ್ತದೆ.

ಜಾಗವಿದ್ದರೆ ಹಳೆಯ ಬೇಸಿನ್ನುಗಳನ್ನು ತಕ್ಷಣ ಗುಜರಿಗೆ ಹಾಕಬೇಡಿ. ಯಂತ್ರಕ್ಕೆ ಒಗ್ಗುವುದು ಒಳ್ಳೆಯ ದ್ವಿತಳಿ ಗೂಡು. ಮಾರುಕಟ್ಟೆಯಲ್ಲಿ ಅದು ಸಾಲದ ವಾರಗಳಲ್ಲಿ ಮಿಶ್ರತಳಿ ಗೂಡು ಬಿಚ್ಚಲು ಅವೇ ಬೇಕಾಗುತ್ತವೆ.